ಬುಡು ಅಂದಿದ್ದಕ್ಕೆ

ನನ್ನ ಗಂಡ ಭೀಮರಾಜು ಸತ್ತಿಲ್ಲ. ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಆ ವಿಡಿಯೋ ನೋಡಿದವರು ಎರಡರಲ್ಲಿ ಒಂದು ಹೇಳುತ್ತಾರೆ. "ಪಾಪ, ಸತ್ತೋದ್ನಂತೆ" ಅನ್ನುತ್ತಾರೆ, ಇಲ್ಲವೇ "ಏನೂ ಆಗಿಲ್ವಂತೆ, ಎಲ್ಲಾ ನಾಟ್ಕ" ಅನ್ನುತ್ತಾರೆ. ಎರಡೂ ಸುಳ್ಳು. ಅವನು ಬದುಕಿದ್ದಾನೆ. ಸೊಂಟದಿಂದ ಕೆಳಗೆ ಚಿವುಟಿದರೂ ಗೊತ್ತಾಗುವುದಿಲ್ಲ. ಮಲಗಿ ಮಲಗಿ ಬೆನ್ನು ಹುಣ್ಣಾಗಿದೆ, ದಿನಕ್ಕೆರಡು ಸಲ ನಾನು ತೊಳೆದು ಬಟ್ಟೆ ಕಟ್ಟುತ್ತೇನೆ. ಮಗ್ಗುಲು ಹೊರಳಿಸುವಾಗ ಪಕ್ಕದ ಮನೆಯ ಲಕ್ಷ್ಮಿದೇವಮ್ಮ ಬಂದು ಕಾಲು ಹಿಡಿಯುತ್ತಾಳೆ. ಮೂವತ್ತೊಂದು ವರ್ಷದ ಗಂಡಸು. ದಿನಕ್ಕೆ ಸಾವಿರ ಕಾಯಿ ಸುಲಿಯುತ್ತಿದ್ದ ಆಳು.

ನಾವು ಶಂಭುಲಿಂಗಯ್ಯ ಸಾವ್ಕಾರರ ಕೊಬ್ಬರಿ ಮನೆಯಲ್ಲಿ ಕೂಲಿಗಿದ್ದೆವು. ನೊಣವಿನಕೆರೆಯಿಂದ ಸ್ವಲ್ಪ ದೂರ ಅವರ ತೋಟ, ತೋಟದ ನಡುವೆ ಕೊಬ್ಬರಿ ಮನೆ. ಕಾಯನ್ನು ಅಟ್ಟಕ್ಕೆ ಏರಿಸಿ, ವರ್ಷ ಒಣಗಲು ಬಿಟ್ಟು, ಒಳಗಿನ ನೀರೆಲ್ಲ ಇಂಗಿದ ಮೇಲೆ ಇಳಿಸುತ್ತಾರೆ. ನನ್ನ ಗಂಡ ನೆಲಕ್ಕೆ ನೆಟ್ಟ ಹಾರೆಗೆ ಕಾಯಿ ಚುಚ್ಚಿ ಸಿಪ್ಪೆ ಸುಲಿಯುತ್ತಿದ್ದ. ನಾವು ಹದಿನಾಲ್ಕು ಜನ ಹೆಂಗಸರು ಸಾಲಾಗಿ ಕೂತು ಮಚ್ಚಿನ ಹಿಂಬದಿಯಿಂದ ಚಿಪ್ಪು ಒಡೆದು ಕೊಬ್ಬರಿ ಬಿಡಿಸುತ್ತಿದ್ದೆವು. ಒಳಗಿನ ಉಂಡೆ ಒಡೆಯಬಾರದು. ಒಡೆದರೆ ಅವತ್ತಿಡೀ ಬೈಗುಳ. ಚಿಪ್ಪಿನ ಚೂರು ಸಿಡಿದು ನನ್ನ ಎಡಗಣ್ಣಿನ ಪಕ್ಕ ಮೂರು ಗಾಯದ ಗುರುತು ಆಗಿವೆ.

ಅಟ್ಟದಿಂದ ಕಾಯಿ ಇಳಿಸುವುದಕ್ಕೆ ಒಂದು ರೀತಿ ಇದೆ. ಅಟ್ಟದ ನಡುವೆ ಒಂದು ಕಂಡಿ, ಕಂಡಿಗೆ ಅಡ್ಡ ಹಲಗೆ. ಮೇಲಿದ್ದವರು ಹಲಗೆಯ ಹಿಂದೆ ಕಾಯಿ ಗುಡ್ಡೆ ಮಾಡಿಕೊಂಡು ಕಾಯುತ್ತಾರೆ. ಅವರಿಗೆ ಕೆಳಗೆ ಏನೂ ಕಾಣುವುದಿಲ್ಲ. ಕೆಳಗಿದ್ದವನು ಪಕ್ಕಕ್ಕೆ ಸರಿದು "ಬುಡು!" ಅಂತ ಕೂಗಬೇಕು. ಕೂಗಿದ ತಕ್ಷಣ ಮೇಲಿದ್ದವರು ಹಲಗೆ ಎತ್ತುತ್ತಾರೆ. ಐವತ್ತು ಅರವತ್ತು ಕಾಯಿ ದಡದಡ ಸುರಿಯುತ್ತವೆ. ಆರು ವರ್ಷ ನಾನು ಮೇಲೆ, ಅವನು ಕೆಳಗೆ. ಅವನ ದನಿಯಲ್ಲಿ ಆ ಮಾತು ಕೇಳಿದರೆ ನನ್ನ ಕೈ ತಾನಾಗಿ ಹಲಗೆ ಎತ್ತುತ್ತಿತ್ತು.

ನಗಿಸುವುದು ಅವನಿಗೆ ಯಾರೂ ಹೇಳಿಕೊಟ್ಟಿದ್ದಲ್ಲ. ಒಣಗಿದೆಯೋ ಇಲ್ಲವೋ ನೋಡಲು ಕಾಯನ್ನು ಕಿವಿಗೆ ಹಿಡಿದು ಅಲುಗಿಸುತ್ತೇವಲ್ಲ, ಅವನು ಅದನ್ನೇ ಫೋನು ಮಾಡಿಕೊಂಡ.

"ಹಲೋ, ಯಾರು ಮಾತಾಡಾದು? ಕಾಯಣ್ಣನಾ? ಏನು, ಒಳಗೆ ಇನ್ನೂ ನೀರೈತಾ? ಅಲ್ಲ ಕಣಣ್ಣ, ವರ್ಷ ಆಯ್ತು, ಉಂಡ್ಕಂಡು ಮಲಿಕ್ಕಂಡಿದ್ದೀಯ, ಇನ್ನೂ ಹಸಿಯಾಗೇ ಇದ್ದೀಯಲ್ಲ, ನಾಚ್ಕೆ ಆಗಕಿಲ್ವಾ? ನಮ್ಮನ್ನ ನೋಡು, ಸಾವ್ಕಾರ್ರ ತಾವ ಸೇರಿದ್ ವಾರಕ್ಕೇ ಒಣಗೋದ್ವಿ!"

ಲಕ್ಷ್ಮಿದೇವಮ್ಮ ನಕ್ಕ ರಭಸಕ್ಕೆ ಬಾಯಲ್ಲಿದ್ದ ಎಲೆಅಡಿಕೆ ಸೀರೆ ಮೇಲೆ ಬಿತ್ತು. ನಾನು ನನ್ನ ಗಾಜು ಒಡೆದ ಫೋನಿನಲ್ಲಿ ಹಿಡಿದು ಹಾಕಿದೆ. ವಾರದಲ್ಲಿ ನಲವತ್ತು ಸಾವಿರ ಜನ ನೋಡಿದರು. ತಿಪಟೂರು ಬಸ್ ಸ್ಟ್ಯಾಂಡಿನಲ್ಲಿ ಕಾಲೇಜು ಹುಡುಗಿಯರು "ಏ, ಕಾಯಣ್ಣ ಕಣೇ!" ಅಂತ ಅವನ ಜತೆ ಫೋಟೋ ತೆಗೆಸಿಕೊಂಡರು. ಅವತ್ತು ಮನೆಗೆ ಬಂದವನು ಊಟವನ್ನೇ ಮಾಡಲಿಲ್ಲ. "ಸುಷ್ಮಿ, ಟಿವಿಯೋರು ನೋಡುದ್ರೆ ಕರೀತಾರೆ ಕಣೇ. ಕಾಯಿ ಸುಲಿಯೋನು ಅಂತ ಯಾರೂ ಅನ್ನಲ್ಲ ಆಮೇಕೆ" ಅಂದ. ನನಗೂ ಆಸೆ ಇತ್ತು, ಸುಳ್ಳು ಯಾಕೆ ಹೇಳಲಿ.

ಆಗ ಬಂದವನು ಸಾವ್ಕಾರರ ಮಗ ಮಹಾಂತೇಶ. ಡಿಗ್ರಿ ಅರ್ಧಕ್ಕೆ ಬಿಟ್ಟು ಬೈಕಿನಲ್ಲಿ ಸುತ್ತುವುದೇ ಅವನ ಕೆಲಸ.

"ಲೇ ಭೀಮ, ಒಡ್ದೋಗಿರೋ ಫೋನಲ್ಲಿ ಎಷ್ಟು ದಿನ ಮಾಡ್ತೀಯ? ಫೋನು ನಂದು, ಮೈಕು ನಂದು, ಬಾಯಿ ನಿಂದು. ಇಬ್ರೂ ಸೇರಾನ. ಬೆಂಗಳೂರಲ್ಲಿ ಟಿವಿಯೋರ ಪರಿಚಯ ಐತೆ ನಂಗೆ. ಆರು ತಿಂಗ್ಳಲ್ಲಿ ನೀನು ಕಾಮಿಡಿ ಶೋನಲ್ಲಿರ್ತೀಯ."

ಚಾನಲ್ಲು ಮಹಾಂತೇಶನ ಹೆಸರಲ್ಲಿ ಆಯಿತು. ಪಾಸ್‌ವರ್ಡು ಅವನ ಹತ್ತಿರ. ನಮಗೆ ಶೂಟಿಂಗ್ ದಿನ ಬಿರಿಯಾನಿ ಪೊಟ್ಟಣ. ಕಾಯಿ ಫೋನು ಹಳೇದಾಯಿತು ಅಂತ ಅವನೇ ಹೊಸ ಕಥೆ ತಂದ. ಅವನು ಸಾವ್ಕಾರ, ಭೀಮರಾಜು ಸೋಮಾರಿ ಕೂಲಿ. ಕೂಲಿ ಎದುರುತ್ತರ ಕೊಡುತ್ತಾನೆ, ಸಾವ್ಕಾರ ಕಪಾಳಕ್ಕೆ ಬಿಡುತ್ತಾನೆ. ಶುರುವಿನಲ್ಲಿ ಹೊಡೆತ ಸುಳ್ಳಿತ್ತು. ಕೈ ಗಾಳಿಯಲ್ಲಿ ಹೋಗುವಾಗ ಆಚೆ ನಿಂತ ನಾನು ಚಪ್ಪಾಳೆ ತಟ್ಟಬೇಕು, ಅದೇ ಏಟಿನ ಸದ್ದು.

ಒಂದು ದಿನ ಅವನ ಕೈ ಅಳತೆ ತಪ್ಪಿ ನಿಜವಾಗಿ ಬಿತ್ತು. ನನ್ನ ಗಂಡನ ತುಟಿ ಹಲ್ಲಿಗೆ ಸಿಕ್ಕಿ ಹರಿಯಿತು. ಕಣ್ಣಲ್ಲಿ ನೀರು ಬಂತು, ಗಾಬರಿಯಿಂದ ಬಾಯಿ ಬಿಟ್ಟುಕೊಂಡು ನಿಂತ. ಆ ಮುಖಕ್ಕೆ ಮೂರು ಲಕ್ಷ ಜನ ನಕ್ಕರು.

ಮಾರನೇ ದಿನ ಮಹಾಂತೇಶ ನನಗೆ ಹೇಳಿದ. "ಸುಷ್ಮಿತಾ, ನೀನಿನ್ನು ಚಪ್ಪಾಳೆ ತಟ್ಟಬ್ಯಾಡ ಬುಡು."

ಆಮೇಲೆ ಎಲ್ಲವೂ ನಿಜ. ಕಪಾಳಕ್ಕೆ ಹೊಡೆದ. ಚಪ್ಪಲಿಯಲ್ಲಿ ಹೊಡೆದ. ದನದ ತೊಟ್ಟಿಯಲ್ಲಿ ತಲೆ ಅದುಮಿ ಹಿಡಿದ, ಮೇಲೆತ್ತಿದಾಗ ಮೂಗಿನಿಂದ ಕಲಗಚ್ಚು ಸುರಿಯುತ್ತಿತ್ತು. ತೆಂಗಿನ ಗರಿಯ ಬುಡದಿಂದ ಬೆನ್ನಿಗೆ ಬಾರಿಸಿದ, ಬಾಸುಂಡೆ ಎದ್ದು ಅಂಗಿ ಅಂಟಿಕೊಂಡಿತು. ಬಿಸಿನೀರು ಹಾಕಿ ನೆನೆಸಿ ಅಂಗಿ ಬಿಡಿಸಿದೆ. ಬಿಡಿಸುವಾಗ ಚರ್ಮವೂ ಬಂತು.

"ಸಾಕು ಕಣಯ್ಯಾ, ನಾಳೆಯಿಂದ ಹೋಗ್ಬ್ಯಾಡ" ಅಂದೆ.

"ಇನ್ನೆರಡು ತಿಂಗ್ಳು ಕಣೇ. ಆಡಿಷನ್ ಐತಂತೆ."

"ಅವ್ನು ನಿನ್ನ ಸಾಯಿಸ್ತಾನೆ."

"ಆಡಿಷನ್ ತಂಕ ಸಾಯಕಿಲ್ಲ ಬುಡು" ಅಂತ ನಕ್ಕ. ನನಗೆ ನಗು ಬರಲಿಲ್ಲ. ಅವನ ತಲೆಗೊಂದು ಮೊಟಕಿ ಗೋಡೆ ಕಡೆ ತಿರುಗಿ ಮಲಗಿದೆ.

ನಾವ್ಯಾಕೆ ಸುಮ್ಮನಿದ್ದೆವು ಅಂತ ಈಗ ಕೆಲವರು ಕೇಳುತ್ತಾರೆ. ಕೇಳುವವರು ಶಂಭುಲಿಂಗಯ್ಯನವರ ಜಾಗದಲ್ಲಿ ಮನೆ ಕಟ್ಟಿಕೊಂಡು, ಅವರ ಬೋರಿನ ನೀರು ಕುಡಿದು, ಅವರ ಕೊಬ್ಬರಿ ಮನೆಯಲ್ಲಿ ಕೂಲಿ ಮಾಡಿ ನೋಡಲಿ. ಆಮೇಲೆ ಬಂದು ನನಗೆ ಬುದ್ಧಿ ಹೇಳಲಿ.

ಆ ದಿನ ಮಧ್ಯಾಹ್ನ ಕೊಬ್ಬರಿ ಮನೆಯೊಳಗೇ ಶೂಟಿಂಗು. ಕೂಲಿ ಅಟ್ಟದ ಕೆಳಗೆ ನಿದ್ದೆ ಹೊಡೆಯುತ್ತಾನೆ, ಸಾವ್ಕಾರ ಬೆಲ್ಟಿನಿಂದ ಎಬ್ಬಿಸುತ್ತಾನೆ. ಕೂಲಿ ಎದ್ದು ಬಾಗಿಲಿಗೆ ಓಡಿ ಎಂದಿನಂತೆ "ಬುಡು" ಅಂತ ಕೂಗಬೇಕು, ಆಗ ಮೇಲಿಂದ ಕಾಯಿ ಸುರಿಯಬೇಕು, ಸಾವ್ಕಾರ ಎಗರಿ ಬೀಳಬೇಕು. ಹೀಗಂತ ಮಹಾಂತೇಶ ಹೇಳಿದ. ನಾನು ಅಟ್ಟ ಹತ್ತಿ ಹಲಗೆ ಹಿಡಿದು ಕೂತೆ. ಹೆಂಗಸರೆಲ್ಲ ಗೋಡೆ ಪಕ್ಕ ನಿಂತಿದ್ದರು. ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿದ್ದ.

ಮೇಲೆ ಕೂತ ನನಗೆ ಸದ್ದು ಮಾತ್ರ ಕೇಳುತ್ತಿತ್ತು. ಬೆಲ್ಟಿನ ಸದ್ದು. ಒಂದು, ಎರಡು, ಐದು. ಬಕ್ಕಲು ಇದ್ದ ತುದಿಯನ್ನೇ ಬೀಸುತ್ತಿದ್ದನಂತೆ, ಆಮೇಲೆ ಗೊತ್ತಾಯಿತು. ಬಕ್ಕಲು ನನ್ನ ಗಂಡನ ಹುಬ್ಬಿಗೆ ಬಡಿದು ಕಣ್ಣಿಗೆ ರಕ್ತ ಇಳಿದಿತ್ತು. ಅವನಿಗೆ ಬಾಗಿಲೂ ಕಾಣುತ್ತಿರಲಿಲ್ಲ, ಏಳುವುದಕ್ಕೂ ಆಗುತ್ತಿರಲಿಲ್ಲ. ಕಂಡಿಯ ನೇರಕ್ಕೇ ಬಿದ್ದುಕೊಂಡು ಕೈ ಮುಗಿದು ಕೂಗಿದ.

"ಬುಡು!"

ಹೊಡೆಯಬೇಡ, ನನ್ನನ್ನು ಬಿಟ್ಟುಬಿಡು ಅಂತ ಕೂಗಿದ್ದು. ಮಹಾಂತೇಶನಿಗೆ ಕೂಗಿದ್ದು. ನನ್ನ ಕೈ ಹಲಗೆ ಎತ್ತಿತು.

ಕಾಯಿ ಹೋಗುವಾಗ "ಬುಡಣ್ಣೋ" ಅಂತ ಎರಡನೇ ಸಲ ಕೇಳಿಸಿತು. ಆ "ಅಣ್ಣೋ" ಕೇಳಿದ ಮೇಲೆ ಅದು ನನಗೆ ಕೂಗಿದ್ದಲ್ಲ ಅಂತ ಗೊತ್ತಾಯಿತು. ಹಲಗೆಯನ್ನು ಒತ್ತಿ ಹಿಡಿದೆ. ಅಷ್ಟರಲ್ಲಿ ಅರ್ಧ ಗುಡ್ಡೆ ಕೆಳಗೆ ಹೋಗಿತ್ತು. ಕೆಳಗೆ ಹೆಂಗಸರು ಕಿರುಚಿದರು. ಏಣಿಯಲ್ಲಿ ಇಳಿದೆನೋ ಬಿದ್ದೆನೋ ಗೊತ್ತಿಲ್ಲ. ಅವನು ಕಾಯಿಗಳ ನಡುವೆ ಬೋರಲು ಬಿದ್ದಿದ್ದ. ಒಂದು ಕಾಲು ಅದರುತ್ತಿತ್ತು, ನಾನು ನೋಡುತ್ತಿದ್ದಂತೆ ಅದೂ ನಿಂತಿತು. ಪಕ್ಕಕ್ಕೆ ಹಾರಿಕೊಂಡಿದ್ದ ಮಹಾಂತೇಶ ಮೊದಲು ಸ್ಟ್ಯಾಂಡಿನಿಂದ ಫೋನು ಬಿಚ್ಚಿಕೊಂಡ. ಹತ್ತಿರ ಬಗ್ಗಿ ನನ್ನ ಗಂಡನ ಮುಖ ಹಿಡಿದ. ಆಮೇಲೆ ನನ್ನ ಮುಖ ಹಿಡಿದ. ನಾನು ಬಾಯಿ ಬಡಿದುಕೊಳ್ಳುತ್ತಿದ್ದೆ.

ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಇಪ್ಪತ್ತಾರು ದಿನ ಇದ್ದೆವು. ಬೆನ್ನುಮೂಳೆ ಮುರಿದಿದೆ, ಇನ್ನು ನಡೆಯುವುದಿಲ್ಲ ಅಂದರು. ಅಲ್ಲಿರುವಾಗಲೇ ಪಕ್ಕದ ಹಾಸಿಗೆಯ ರೋಗಿಯ ತಮ್ಮ ಫೋನು ನೋಡಿಕೊಂಡು ನಗುತ್ತಿದ್ದ. ನನ್ನ ಗಂಡನ ದನಿ ಕೇಳಿ ತಿರುಗಿ ನೋಡಿದೆ. "ಬುಡು ಅಂದ್ರೆ ಬುಟ್ಟೇಬುಟ್ಲು" ಅಂತ ಹೆಸರು. ಕಾಯಿ ಬೀಳುವಾಗ ಮಹಾಂತೇಶ ಡೋಲಿನ ಸದ್ದು ಸೇರಿಸಿದ್ದ, ನಾನು ಬಾಯಿ ಬಡಿದುಕೊಳ್ಳುವುದಕ್ಕೆ ಹಾಡು ಸೇರಿಸಿದ್ದ. ಹನ್ನೆರಡು ಲಕ್ಷ ಜನ ನೋಡಿದ್ದರು. "ಇಂಥಾ ಹೆಂಡ್ತಿ ಇದ್ರೆ ಮುಗೀತು" ಅಂತ ಬರೆದಿದ್ದರು. "ಆಕ್ಟಿಂಗ್ ಅಂದ್ರೆ ಇದು ಗುರೂ" ಅಂತಲೂ ಬರೆದಿದ್ದರು.

ಭೀಮರಾಜು ಅದನ್ನು ಕೇಳಿಸಿಕೊಂಡ.

"ನಾನು ಆಕ್ಟಿಂಗ್ ಮಾಡ್ಲಿಲ್ಲ ಕಣೇ" ಅಂದ. "ನಿಜವಾಗ್ಲೂ ಅತ್ತಿದ್ದು ನಾನು. ನೀನು ಕಾಯಿ ಬುಟ್ಟಿದ್ದಕ್ಕೆ ನಂಗೆ ಬ್ಯಾಸ್ರ ಇಲ್ಲ. ಇವ್ರು ನಗ್ತಾರಲ್ಲ, ಅದು ತಡೆಯಕ್ಕಾಗಲ್ಲ. ಅವನು ನಿಜವಾಗ್ಲೂ ಹೊಡ್ದ ಅಂತ ಒಬ್ರಾದ್ರೂ ಹೇಳ್ಬೇಕು ಕಣೇ ಸುಷ್ಮಿ."

ಜನರನ್ನು ನಗಿಸಿ ಮೇಲೆ ಬರಬೇಕು ಅಂತಿದ್ದ ಮನುಷ್ಯ ಹೀಗೆ ಕೇಳಿದ. ಅವತ್ತಿನಿಂದ ನನಗೆ ಬೇರೆ ಯಾವುದೂ ಬೇಕೆನಿಸಲಿಲ್ಲ.

ಊರಿಗೆ ಬಂದು ಠಾಣೆಗೆ ಹೋದೆ. ಎಸ್‌ಐ ನಮ್ಮ ಸೀಮೆಯವರಲ್ಲ, ಮಾತಿನಲ್ಲೇ ಗೊತ್ತಾಗುತ್ತಿತ್ತು. ಮಹಾಂತೇಶನ ವಿಡಿಯೋ ಅವರ ಫೋನಿನಲ್ಲೇ ಇತ್ತು.

"ಇದರಲ್ಲಿ ಹೊಡೆದದ್ದು ಕಾಮಿಡಿಗಲ್ಲವೇನಮ್ಮ? ಹಿಂದಿನ ಐವತ್ತು ವಿಡಿಯೋದಲ್ಲೂ ಹೊಡೆಸಿಕೊಂಡಿದ್ದಾನೆ. ಆಗ ದೂರು ಕೊಟ್ಟಿಲ್ಲ."

"ಅದೂ ನಿಜವಾದ್ ಏಟೇ ಸ್ವಾಮಿ."

"ಹೋಗಲಿ. ಗಂಡ ಬಿಡು ಬಿಡು ಅಂತಿದ್ದಾನೆ. ನಿಲ್ಲಿಸು ಅಂತ ತಾನೇ ಅರ್ಥ? ನೀನು ಅವನ ತಲೆ ಮೇಲೆ ಕಾಯಿ ಸುರಿದಿದ್ದೀಯ. ಕೇಸು ಬರೆದರೆ ನಿನ್ನ ಮೇಲೇ ಬರೆಯಬೇಕಾಗುತ್ತೆ. ಬರೀಲಾ?"

ನಮ್ಮಲ್ಲಿ ಕೆಳಗಿನಿಂದ ಬುಡು ಅಂದರೆ ಏನು ಅಂತ ವಿವರಿಸಿದೆ. ಪಕ್ಕದಲ್ಲಿದ್ದ ಪೇದೆ ನಕ್ಕ. ನನಗೆ ಮೈಯೆಲ್ಲ ಉರಿಯಿತು. ಉರಿದು ಏನು ಮಾಡಲಿ, ಎದ್ದು ಬಂದೆ.

ಲಕ್ಷ್ಮಿದೇವಮ್ಮನನ್ನು ಕೇಳಿದೆ. "ನೀವೆಲ್ಲ ಗೋಡೆ ಪಕ್ಕ ಇದ್ರಲ್ಲ ದೊಡ್ಡಮ್ಮ, ಬಂದು ಹೇಳ್ತೀರಾ?" ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಕಂಡಿದ್ದೀವಿ ಕಣವ್ವ. ಹೇಳುದ್ರೆ ನಾಳೆ ಎಲ್ಲಿಗೆ ಹೋಗಾನ?" ಅಂದಳು. ನಾನು ಬೈಯಲಿಲ್ಲ. ನಾನೂ ಎಷ್ಟು ದಿನ ಸುಮ್ಮನಿದ್ದವಳು.

ನಾಲ್ಕು ತಿಂಗಳಾದ ಮೇಲೆ ಶಂಭುಲಿಂಗಯ್ಯನವರೇ ಮನೆ ಬಾಗಿಲಿಗೆ ಬಂದರು. ಒಳಗೆ ಬರಲಿಲ್ಲ. ಮಹಾಂತೇಶನನ್ನು ಟಿವಿ ಕಾಮಿಡಿ ಶೋಗೆ ಕರೆದಿದ್ದರಂತೆ. ಅದಕ್ಕೆ ತಿಪಟೂರಿನ ಕಲ್ಯಾಣ ಮಂಟಪದಲ್ಲಿ ಸನ್ಮಾನ.

"ನೋಡವ್ವ, ಜನ ನಿನ್ನನ್ನೂ ಕೇಳ್ತಾವ್ರೆ. ಆ ಕಾಯಿ ಬುಟ್ಟೋಳು ಎಲ್ಲಿ ಅಂತಾವ್ರೆ. ಒಂದಿನ ಸ್ಟೇಜಿಗೆ ಬಂದು ಮಗನ ಜತೆ ಒಂದು ಐಟಂ ಮಾಡು. ನಿನ್ ಗಂಡನ ಔಷಧಿ ನಾನು ನೋಡ್ಕತೀನಿ."

"ಏನ್ಮಾಡ್ಬೇಕು ಬುದ್ಧಿ?"

"ಗಂಡನ್ನ ಬುಟ್ಬುಡಿ ಅಂತ ಸಾವ್ಕಾರನ್ನ ಕೇಳ್ಕಂಡು ಬತ್ತೀಯ. ಅವ್ನು ಎರಡು ಕೊಡ್ತಾನೆ. ಬೀಳ್ತೀಯ. ಅಷ್ಟೆ."

ಒಳಗೆ ಹಾಸಿಗೆಯಲ್ಲಿದ್ದ ಭೀಮರಾಜು ಎಲ್ಲಾ ಕೇಳಿಸಿಕೊಂಡು "ಹೋಗ್ಬ್ಯಾಡ" ಅಂದ. ನಾನು ಬರುತ್ತೇನೆ ಅಂದೆ. ಹೊಡೆಯಬೇಕು ಅಂತ ಯೋಚನೆ ಮಾಡಿಕೊಂಡು ಹೋದೆ ಅಂತ ಆಮೇಲೆ ಕೆಲವರು ಹೇಳಿದರು. ಇಲ್ಲ. ಮೈಕು ಸಿಕ್ಕಿದ ಕೂಡಲೇ ನಿಜ ಹೇಳಿಬಿಡಬೇಕು ಅಂತ ಮಾತ್ರ ಅಂದುಕೊಂಡಿದ್ದೆ.

ಮಂಟಪ ತುಂಬಿತ್ತು. ಜನ ಕಾಣಲಿ ಅಂತ ಕೊಬ್ಬರಿ ಮನೆಯ ಹೆಂಗಸರನ್ನೂ ಟ್ರ್ಯಾಕ್ಟರಿನಲ್ಲಿ ತಂದು ಹಿಂದೆ ಕೂರಿಸಿದ್ದರು. ಮಹಾಂತೇಶ ಬಿಳಿ ಅಂಗಿ ಹಾಕಿ ಮೀಸೆ ಅಂಟಿಸಿಕೊಂಡಿದ್ದ. ಪರದೆ ಹಿಂದೆ ನನ್ನ ಕಿವಿಯಲ್ಲಿ ಹೇಳಿದ. "ಜೋರಾಗೇ ಹೊಡೀತೀನಿ. ಹಿಂದಿನ ಸಾಲಿಗೂ ಕೇಳುಸ್ಬೇಕು." ಮೈಕು ನನಗೆ ಕೊಡಲಿಲ್ಲ.

ಸ್ಟೇಜಿಗೆ ಹೋದೆ. ಬಾಯಿ ತೆರೆದು "ಅಣ್ಣಾ, ನನ್ನ ಗಂಡಂಗೆ..." ಅಂದೆ. ಅಷ್ಟರಲ್ಲಿ ಬಿತ್ತು ಏಟು. ಕಿವಿ ಗುಯ್ ಅಂದಿತು. ಮಂಟಪವೆಲ್ಲ ನಗು. ಅವನು ಜನರ ಕಡೆ ತಿರುಗಿ ಮೀಸೆ ತಿರುವಿದ. ಇನ್ನೂ ಜೋರು ನಗು. ನನ್ನ ಗಂಡ ಆಸ್ಪತ್ರೆಯಲ್ಲಿ ಕೇಳಿಸಿಕೊಂಡದ್ದು ಇದೇ ನಗು.

ಎರಡನೇ ಏಟಿಗೆ ಅವನು ಕೈ ಎತ್ತಿದಾಗ ನಾನು ಹೊಡೆದೆ.

ಹನ್ನೊಂದು ವರ್ಷ ಚಿಪ್ಪು ಒಡೆದ ಕೈ ಇದು. ಅವನ ಮೀಸೆ ಹಾರಿ ಬಿತ್ತು. ಜನ ಎದ್ದು ನಿಂತು ಶಿಳ್ಳೆ ಹಾಕಿದರು. ಅವನೂ ನಗಲು ನೋಡಿದ. ಇನ್ನೊಂದು ಬಿಟ್ಟೆ. ಜುಟ್ಟು ಹಿಡಿದು ಬಗ್ಗಿಸಿ ಮೊಣಕಾಲಿನಿಂದ ಮೂತಿಗೆ ಗುದ್ದಿದೆ. ಮೂಗು ಲಟಕ್ಕೆಂದಿತು. "ಏ, ನಿಲ್ಸೇ! ಹುಚ್ಚಾ ನಿಂಗೆ? ಅಪ್ಪಾ, ನಿಲ್ಸಪ್ಪಾ ಇವ್ಳನ್ನ!" ಅಂತ ಕಿರುಚಿದ. ಅವನ ಅಂಗಿಯ ಮೈಕಿನಲ್ಲಿ ಅದೆಲ್ಲ ಮಂಟಪಕ್ಕೆ ಕೇಳಿಸಿತು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ನೂರಾರು ಫೋನು ಮೇಲೆದ್ದಿದ್ದವು. ಅವನು ಮಂಡಿಯೂರಿದ. ಬೆನ್ನಿಗೆ ಒದ್ದೆ. ಬಿದ್ದ. ನಗುತ್ತಲೇ ಇದ್ದರು. ನನಗೆ ಅವರ ಮೇಲೂ ಅಸಹ್ಯ ಬಂತು.

ಬಿಳಿ ಅಂಗಿಯ ತುಂಬಾ ರಕ್ತ ಇಳಿದಾಗ ಮುಂದಿನ ಸಾಲಿನಲ್ಲಿ ಒಬ್ಬ ಕೂಗಿದ. "ಅಯ್ಯಯ್ಯೋ, ನಿಜವಾಗ್ಲೂ ಹೊಡೀತಾವ್ಳೆ ಕಣ್ರೋ!"

ನಗು ನಿಂತಿತು. ನಾನು ಬಗ್ಗಿ ಅವನ ಅಂಗಿಯಿಂದ ಮೈಕು ಕಿತ್ತುಕೊಂಡೆ.

"ಹೌದು, ನಿಜವಾಗ್ಲೂ! ಇವ್ನ ಮೂಗಲ್ಲಿ ಬಂದ್ರೆ ರಕ್ತ, ನನ್ ಗಂಡನ ಮೂಗಲ್ಲಿ ಬಂದ್ರೆ ಕಾಮಿಡಿಯೇನ್ರೋ? ಹನ್ನೆರಡು ಲಕ್ಷ ಜನ ನೋಡುದ್ರಲ್ಲ, ಒಬ್ರಿಗೂ ಗೊತ್ತಾಗ್ಲಿಲ್ವಾ? ಈಗ ಹೆಂಗೆ ಗೊತ್ತಾಯ್ತು?"

ಶಂಭುಲಿಂಗಯ್ಯನ ಆಳುಗಳು ನಾಲ್ಕು ಜನ ಓಡಿಬಂದು ನನ್ನನ್ನು ಕೆಡವಿಕೊಂಡರು. ಹೊಟ್ಟೆಗೆ ಒದ್ದರು, ಕೈ ತುಳಿದರು. ಒಂದು ಬೆರಳು ಮುರಿಯಿತು. ಆಗ ಹಿಂದಿನಿಂದ "ಮುಟ್ಟಿ ನೋಡ್ರಲಾ ಅವಳನ್ನ!" ಅಂತ ಲಕ್ಷ್ಮಿದೇವಮ್ಮನ ದನಿ ಬಂತು. ಕುರ್ಚಿಗಳನ್ನು ತಳ್ಳಿಕೊಂಡು ಹದಿಮೂರು ಜನ ಹೆಂಗಸರೂ ಸ್ಟೇಜು ಹತ್ತಿದರು. ಆಳುಗಳ ಕತ್ತಿನಪಟ್ಟಿ ಹಿಡಿದು ಎಳೆದರು. ಒಬ್ಬನಿಗೆ ಲಕ್ಷ್ಮಿದೇವಮ್ಮ ಸ್ಟೀಲ್ ಹೂದಾನಿಯಿಂದಲೇ ಬಾರಿಸಿದಳು.

ಪೊಲೀಸರು ಹತ್ತು ನಿಮಿಷದಲ್ಲಿ ಬಂದರು. ನನ್ನನ್ನು ಜೀಪಿಗೆ ಹತ್ತಿಸಿದರು. ನಾಲ್ಕು ತಿಂಗಳಲ್ಲಿ ಒಂದು ಸಾಲು ಬರೆಯದ ಠಾಣೆಯಲ್ಲಿ ಮಧ್ಯಾಹ್ನದೊಳಗೆ ಮಹಾಂತೇಶನ ಮೂಗಿಗೆ ದೂರು ತಯಾರಾಯಿತು. ಹೆಂಗಸರು ಟ್ರ್ಯಾಕ್ಟರು ಹತ್ತಲಿಲ್ಲ. ನಡೆದೇ ಬಂದು ಠಾಣೆಯ ಜಗಲಿ ತುಂಬಾ ಕೂತರು.

"ತಪ್ಪಾಯ್ತು ಅಂತ ಇವಳ ಕೈಲಿ ಬರುಸ್ಕಳಿ ಸಾರ್, ರಾಜಿ ಮಾಡ್ಕಳ್ಳಾನ" ಅಂದರು ಶಂಭುಲಿಂಗಯ್ಯ. ಹೊರಗಿನ ಜನ ನೋಡಿ ಅವರಿಗೆ ಬೆವರು ಬಂದಿತ್ತು.

"ನಾನು ಹೊಡೆದದ್ದು ನಿಜ" ಅಂದೆ. "ಬೇಕಂತಲೇ ಹೊಡ್ದೆ. ಬರ್ಕಳಿ. ಯಾಕೆ ಹೊಡ್ದೆ ಅಂತ ಕೇಳಿ ಸ್ವಾಮಿ. ಕೇಳ್ಬೇಕಲ್ವಾ?"

ಎಸ್‌ಐ ಜಗಲಿಯಲ್ಲಿ ಕೂತ ಹೆಂಗಸರ ಕಡೆ ನೋಡಿ ಕೇಳಿದರು. "ಯಾಕೆ ಹೊಡೆದೆ?"

ತಾರೀಖು ಹೇಳಿದೆ. ಬೆಲ್ಟು, ಬಕ್ಕಲು, ಹುಬ್ಬು ಹೇಳಿದೆ. ಬರೆಯುತ್ತಿದ್ದ ಪೇದೆ ಶಂಭುಲಿಂಗಯ್ಯನ ಮುಖ ನೋಡಿ ಪೆನ್ನು ನಿಲ್ಲಿಸಿದ. ಕಿಟಕಿಯ ಸರಳಿಗೆ ಮುಖ ಒತ್ತಿಕೊಂಡಿದ್ದ ಲಕ್ಷ್ಮಿದೇವಮ್ಮ ಕೂಗಿದಳು.

"ಬರೀರಿ ಸ್ವಾಮಿ. ನಾನೂ ಕಣ್ಣಾರೆ ಕಂಡಿದ್ದೀನಿ. ನನ್ ಹೆಸ್ರೂ ಬರೀರಿ, ಲಕ್ಷ್ಮಿದೇವಮ್ಮ ಅಂತ. ಇಲ್ಲಿರೋ ಅಷ್ಟೂ ಜನದ್ದು ಬರೀರಿ. ಅಲ್ಲೀವರ್ಗೂ ನಾವು ಏಳಕಿಲ್ಲ."

ಪೇದೆ ಎಸ್‌ಐ ಕಡೆ ನೋಡಿದ. ಅವರು ಬರಿ ಅನ್ನುವಂತೆ ತಲೆ ಆಡಿಸಿದರು.

ಬರೆದಾದ ಮೇಲೆ ಕಾಗದ ನನ್ನ ಕಡೆ ತಳ್ಳಿದರು. ಬೆರಳು ಊದಿತ್ತು. "ಓದಿ ಹೇಳಿ, ಆಮೇಲೆ ಸೈನು" ಅಂದೆ. ಪೇದೆ ಓದಿದ. "ಸದರಿ ದಿನ ಮಹಾಂತೇಶ ಎಂಬಾತನು ನನ್ನ ಗಂಡ ಭೀಮರಾಜುವಿಗೆ ಬೆಲ್ಟಿನಿಂದ ನಿಜವಾಗಿ ಹೊಡೆದು ರಕ್ತಗಾಯ ಮಾಡಿದ್ದು..."

"ಅದನ್ನ ಇನ್ನೊಂದ್ಸಲ ಜೋರಾಗಿ ಓದಿ. ಹೊರಗಿರೋರ್ಗೂ ಕೇಳುಸ್ಲಿ."

ಅವನು ಜೋರಾಗಿ ಓದಿದ. ಯಾರೂ ನಗಲಿಲ್ಲ.